ಮೂರೂವರೆ ಗಂಟೆ

ಪ್ಲಾಸ್ಟರ್ ಅಚ್ಚಿನ ಮೇಲೆ ಹೊದಿಸಿದ ಬಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಗುಳ್ಳೆಗಳೆದ್ದವು. ಒಂದಲ್ಲ ಎರಡಲ್ಲ, ಮೈತುಂಬ. ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರಕ್ಕೆ ಐದು ತಿಂಗಳ ಹಿಂದೆ ಸಮುದ್ರ ದಾಟಿ ತರಬೇತಿಗೆ ಬಂದಿದ್ದ ಹುಡುಗಿ ಕೈಗವಸಿನ ಕೈಗಳನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟಳು. ಒಬ್ಬಳೇ ಮಾಡುತ್ತಿದ್ದ ಮೊದಲ ಕಾಲು ಇದು. ಸರಿಬಂದರೆ ಸ್ವಂತ ಮೇಜು ಸಿಗುತ್ತಿತ್ತು. ಕೆಟ್ಟರೆ ಇನ್ನೂ ಆರು ತಿಂಗಳು ಬೇರೆಯವರು ಮಾಡಿದ ಕಾಲುಗಳ ಅಂಚು ಉಜ್ಜುತ್ತ ಕೂರಬೇಕು. ಕಾಲು ಹಾಕಿಕೊಳ್ಳಬೇಕಾದ ನಿವೃತ್ತ ಬಸ್ ಚಾಲಕರೊಬ್ಬರು ನಾಲ್ಕು ಗಂಟೆಗೆ ಬರುವವರಿದ್ದರು.

ಮುಖ್ಯಸ್ಥೆ ಬಂದು ಅಚ್ಚಿನ ಬುಡ ಮುಟ್ಟಿ ನೋಡಿದರು. "ಇನ್ನೂ ಹಸಿ ಇದೆ, ಅದಕ್ಕೇ ಗುಳ್ಳೆ. ಹನ್ನೊಂದು ಗಂಟೆವರೆಗೂ ಒಣಗಲಿ ಅಂದಿದ್ದೆನಲ್ಲ? ಎಷ್ಟೊತ್ತಿಗೆ ಒವನ್‌ನಿಂದ ಹೊರಗೆ ತೆಗೆದೆ?"

"ಸರಿಯಾಗಿ ಹನ್ನೊಂದಕ್ಕೇ ತೆಗೆದೆ, ಮೇಡಂ."

"ಹೌದಾ? ಈಗಿನ್ನೂ ಹತ್ತೂಮುಕ್ಕಾಲು."

ಹುಡುಗಿ ಮಣಿಕಟ್ಟು ನೋಡಿಕೊಂಡಳು. ಎರಡೂಕಾಲು. ವಿಮಾನ ಇಳಿದ ದಿನದಿಂದಲೂ ಅವಳ ಕೈಗಡಿಯಾರ ಮನೆಯ ಹೊತ್ತನ್ನೇ ತೋರಿಸುತ್ತಿತ್ತು. ಮನೆ ನೆನಪಾದಾಗಲೆಲ್ಲ ಅದೇ ಅವಳ ಔಷಧ. ಎರಡು ಗಂಟೆ ಎಂದರೆ ಅಪ್ಪ ಊಟ ಮುಗಿಸಿ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುತ್ತಿರುತ್ತಾರೆ. ಅಮ್ಮ "ಐದೇ ನಿಮಿಷ" ಎಂದು ಅಡ್ಡಾಗಿ ಆಗಲೇ ಗೊರಕೆ ಶುರುಮಾಡಿರುತ್ತಾಳೆ. ಇಲ್ಲಿಯ ಹೊತ್ತು ಬೇಕಾದಾಗ ಮೂರೂವರೆ ಗಂಟೆ ಕಳೆದರಾಯಿತು. ಈವತ್ತು ಅಮ್ಮನ ಗೊರಕೆ ಕೇಳಿಸಿಕೊಳ್ಳುತ್ತ ಮೂರು ಕಳೆದು, ಅರ್ಧವನ್ನು ಮರೆತಿದ್ದಳು.

ಅಳು ಉಕ್ಕಿ ಬಂತು. ನುಂಗಿಕೊಂಡಳು. "ತಪ್ಪು ನಂದೇ, ಮೇಡಂ. ಹಾಳೆ ಹೋಯ್ತು, ಅಚ್ಚು ಚೆನ್ನಾಗೇ ಇದೆ. ಪೂರ್ತಿ ಒಣಗಿಸಿ ಇನ್ನೊಂದು ಹಾಳೆ ಹೊದಿಸ್ತೀನಿ. ನಾಲ್ಕು ಗಂಟೆಗೆ ಕಾಲು ರೆಡಿ ಇರುತ್ತೆ."

ಮುಖ್ಯಸ್ಥೆ ಅವಳ ಗಡಿಯಾರವನ್ನೊಮ್ಮೆ, ಗೋಡೆ ಗಡಿಯಾರವನ್ನೊಮ್ಮೆ ನೋಡಿದರು. "ಯಾವ ಊರಿನ ನಾಲ್ಕು ಗಂಟೆಗೆ?"

"ಈ ಊರಿಂದು," ಎಂದು ಹುಡುಗಿ ಕೈಗವಸು ಕಳಚಿದಳು. ಗಡಿಯಾರದ ಕೀಲಿ ಎಳೆದು ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿದಳು. ಮನೆಯ ಹೊಸ್ತಿಲನ್ನು ಎರಡನೇ ಸಲ ದಾಟಿದಷ್ಟೇ ಸಂಕಟವಾಯಿತು. ಆಮೇಲೆ ಸಂಕಟಪಡಲು ಪುರುಸೊತ್ತಿರಲಿಲ್ಲ. ಊಟಕ್ಕೂ ಏಳದೆ ಅಚ್ಚು ಒಣಗಿಸಿದಳು, ಹಾಳೆ ಕಾಯಿಸಿ ಹೊದಿಸಿದಳು, ಕತ್ತರಿಸಿದಳು, ಅಂಚುಗಳನ್ನು ತನ್ನ ಕೆನ್ನೆಗೇ ಒತ್ತಿ ನೋಡಿ ನೋಡಿ ಉಜ್ಜಿದಳು. ನಾಲ್ಕಕ್ಕೆ ಬಂದ ಚಾಲಕರು ಕಾಲು ತೊಟ್ಟು, ಕಂಬಿ ಹಿಡಿದು ಎದ್ದು, ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಕಂಬಿ ಬಿಟ್ಟರು. "ಎಲ್ಲೂ ಚುಚ್ತಾ ಇಲ್ಲಮ್ಮ," ಎಂದರು. ಮುಖ್ಯಸ್ಥೆ ಕಿಟಕಿ ಪಕ್ಕದ, ಯಾರೂ ಕೂರದ ಮೇಜಿನ ಮೇಲಿದ್ದ ರಟ್ಟಿನ ಡಬ್ಬಿಗಳನ್ನು ಎತ್ತಿ ಕೆಳಗಿಟ್ಟರು.

ಆ ಮೇಜಿಗೆ ಒರಗಿಯೇ ಅವಳು ಮನೆಗೆ ವಿಡಿಯೋ ಕರೆ ಮಾಡಿದಳು. ಮೇಜಿನ ಸುದ್ದಿ ಹೇಳಿಯಾದ ಮೇಲೆ ದನಿ ಸಣ್ಣದಾಯಿತು. "ಅಮ್ಮಾ, ಈವತ್ತು ನನ್ನ ಗಡಿಯಾರ ಇಲ್ಲಿ ಟೈಮಿಗೆ ತಿರುಗಿಸಿಬಿಟ್ಟೆ. ನೀವು ಯಾವಾಗ ಏನು ಮಾಡ್ತಿರ್ತೀರೋ, ಇನ್ಮೇಲೆ ನೋಡಿದ ತಕ್ಷಣ ಗೊತ್ತಾಗಲ್ಲ."

ಅಮ್ಮ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಪ್ಪನ ಕೂಗು ಕೇಳಿಸಿತು: "ಮಗಳೇ, ಈ ಮನೇಲಿ ರಾತ್ರಿ ಊಟ ಹಾಕೋದು ಯಾವ ದೇಶದ ಟೈಮಿಗೆ ಅಂತ ನಿಮ್ಮಮ್ಮನ್ನ ಸ್ವಲ್ಪ ಕೇಳು! ನೀನು ವಿಮಾನ ಹತ್ತಿದ ದಿನದಿಂದ ನಂಗಿದೇ ಗೋಳು!"

"ಸುಮ್ನಿರಿ ನೀವು," ಎಂದು ಅಮ್ಮ ಗದರಿದಳು. ಆಮೇಲೆ ಸ್ವಲ್ಪ ನಾಚಿಕೊಂಡು, "ಮಗು ಅಲ್ಲಿ ಎದ್ದಿದಾಳೋ, ತಿಂದಿದಾಳೋ ಅಂತ ನನಗೂ ಗೊತ್ತಾಗ್ಬೇಡ್ವೇನೆ?" ಎನ್ನುತ್ತ ಫೋನನ್ನು ಅಡುಗೆಮನೆಯ ಗೋಡೆಯ ಕಡೆ ತಿರುಗಿಸಿದಳು.

ಕಿಟಕಿಯಾಚೆ ಕತ್ತಲೆ. ಒಲೆಯ ಮೇಲೆ ಕುಕ್ಕರ್. ಅದರ ಮೇಲಿನ ಗೋಡೆ ಗಡಿಯಾರದಲ್ಲಿ ಐದೂಕಾಲು. ಹುಡುಗಿ ತನ್ನ ಮಣಿಕಟ್ಟನ್ನು ಮೆಲ್ಲನೆ ಫೋನಿನ ಪಕ್ಕಕ್ಕೆ ತಂದಳು. ಐದೂಕಾಲು.