ಹೊಸ್ತಿಲ ಮೇಲಿನ ಬಿಸಿಲು

ಸೂರ್ಯ ವಾರಕ್ಕೊಂದು ದಿಕ್ಕಿನಲ್ಲಿ ಹುಟ್ಟತೊಡಗಿದ ಮೇಲೆ ಮನೆ ಕೊಳ್ಳುವ ಕೆಲಸ ಕೊಟ್ರಮ್ಮನಿಗೆ ಸಾಕುಸಾಕಾಗಿತ್ತು. ನೋಂದಣಿಯ ದಿನ ಎಳೆಬಿಸಿಲು ಹೊಸ್ತಿಲ ಮೇಲೆ ಬೀಳಲೇಬೇಕೆಂಬುದು ಅತ್ತೆಯ ಹಟ. ಬಿಸಿಲು ಬಿದ್ದ ವಾರ ಮನೆ ಮಾಲೀಕರು ರೇಟು ಏರಿಸುತ್ತಿದ್ದರು. ಚೌಕಾಸಿ ಮುಗಿಯುವಷ್ಟರಲ್ಲಿ ಸೂರ್ಯ ಹಿತ್ತಲ ಕಡೆ ಹೋಗಿರುತ್ತಿದ್ದ. ಹೀಗೆ ಹನ್ನೊಂದು ಮನೆಗಳು ಕೈತಪ್ಪಿದ್ದವು.

ಇವತ್ತು ಬೆಳಿಗ್ಗೆ ಬ್ರೋಕರ್ ಹಾಲೇಶಪ್ಪ ಫೋನ್ ಮಾಡಿದ. "ಅಕ್ಕಾ, ಇದನ್ನ ಬಿಡಬ್ಯಾಡ್ರಿ. ಹಿಟ್ಟಿನ ಗಿರಣಿ ಎದುರು, ನೀಲಿ ಗೇಟು. ಬಿಸಿಲು ಇವತ್ತೇ ಬಾಗಿಲಿಗೆ ಬಂದೈತಿ. ಬಾಡಿಗೆಯವರನ್ನ ವಾರದಾಗೆ ಖಾಲಿ ಮಾಡಿಸ್ತಾರಂತೆ."

ಹೊಸ್ತಿಲಲ್ಲಿ ನಿಂತಿದ್ದ ಕೊಟ್ರಮ್ಮ ಕಾಲ ಮೇಲಿನ ಎಳೆಬಿಸಿಲನ್ನು ನೋಡಿದಳು, ಆಮೇಲೆ ನೀಲಿ ಗೇಟನ್ನು.

"ಆ ಬಾಡಿಗೆಯವಳು ನಾನೇ ಕಣಪ್ಪಾ!" ಎಂದು ಕಿರುಚಿದಳು.

ಹಾಲೇಶಪ್ಪ ಕೂಡಲೇ ಅಂದ, "ಹಂಗಾದ್ರೆ ಮನೆ ತೋರ್ಸೋ ಕೆಲಸ ತಪ್ತು. ಎಷ್ಟಕ್ಕೆ ಕೇಳ್ಲಿ?"