ಆಗದವರ ಹೆಬ್ಬೆಟ್ಟು

ಕೆಲಸ ಕೇಳುವವರು ತಮ್ಮನ್ನು ತಾವೇ ಹೊಗಳಿಕೊಳ್ಳುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ, ಅರ್ಜಿಯ ಜೊತೆಗಿನ ಕವರ್ ಲೆಟರನ್ನು ಅವರಿಗೆ ಆಗದವರೇ ಬರೆದುಕೊಡಬೇಕಿತ್ತು. ಅರ್ಜಿ ಹಾಕಲು ಹೊರಟ ಪ್ರಫುಲ್ಲಾಗೆ ಅಂಥವರನ್ನು ಹುಡುಕುವ ಚಿಂತೆ ಇರಲಿಲ್ಲ. ಅವಳು ಮಹಡಿಯಲ್ಲಿ ಒಣಹಾಕುವ ಸೀರೆಯ ನೀರು ಕೆಳಮನೆಯ ಜಲಜಾಕ್ಷಮ್ಮನ ಹಪ್ಪಳದ ಮೇಲೆ ತೊಟ್ಟಿಕ್ಕಿ, ಇಬ್ಬರಿಗೂ ವರ್ಷಗಟ್ಟಲೆ ಜಗಳ.

ಜಲಜಾಕ್ಷಮ್ಮ ಖುಷಿಯಿಂದಲೇ ಬರೆದರು: ‘ಇವಳು ಮಹಾ ಮೊಂಡಿ. ಹಿಡಿದ ಕೆಲಸ ಮುಗಿಯುವ ತನಕ ತಾನೂ ಕೂರುವುದಿಲ್ಲ, ಬೇರೆಯವರನ್ನೂ ಕೂರಲು ಬಿಡುವುದಿಲ್ಲ.’

ಕಚೇರಿಯಲ್ಲಿ, ಬರೆದವರ ದ್ವೇಷ ಅಸಲಿಯೇ ಎಂದು ನೋಡುವ ಯಂತ್ರದ ಮೇಲೆ ಅವರು ಹೆಬ್ಬೆಟ್ಟು ಒತ್ತಿದರು. ಕೆಂಪು ದೀಪ ಹತ್ತಿತು.

“ನಡೆಯಲ್ಲಮ್ಮ,” ಎಂದ ಗುಮಾಸ್ತ. “ನಿಮಗೆ ಇವರನ್ನ ಕಂಡ್ರೆ ಒಳಗೊಳಗೇ ಪ್ರೀತಿ.”

ಪ್ರಫುಲ್ಲಾಗೆ ಅಳುವೇ ಬಂತು. “ನಿಮ್ಮನ್ನೇ ನಂಬ್ಕೊಂಡಿದ್ನಲ್ಲ ಜಲಜಾಕ್ಷಮ್ಮ!”

“ನಂಗೇನೇ ಗೊತ್ತಿತ್ತು?” ಅವರು ನಾಚಿಕೆಯಿಂದ ಮುಖಕ್ಕೆ ಸೆರಗು ಒತ್ತಿಕೊಂಡರು. “ಅರ್ಜಿಗೆ ನಾಳೆವರೆಗೂ ಟೈಮಿದೆ. ಏನಾದ್ರೂ ಮಾಡೋಣ ಬಾ.”

ಮರುದಿನ ಬೆಳಿಗ್ಗೆ ಪ್ರಫುಲ್ಲಾ ಮಹಡಿಯಿಂದ ಒಂದು ಬಕೆಟ್ ನೀರನ್ನು ನೇರವಾಗಿ ಹಪ್ಪಳದ ಮೇಲೆಯೇ ಸುರಿದಳು. ಜಲಜಾಕ್ಷಮ್ಮ ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿ ನೋಡಿದರು.

“ಇನ್ನೊಂದು ಬಕೆಟ್ ಸುರಿಯೇ! ಕಚೇರಿಗೆ ಹೊತ್ತಾಗ್ತಿದೆ, ನಂಗಿನ್ನೂ ಸಿಟ್ಟೇ ಬರ್ತಿಲ್ಲ.”