ತೂಬಿನ ಬಳಿ ಬಿದ್ದವನು

ಮೂರನೆಯ ಸಲವೂ ಗ್ರೋವರ್ ಸರಿಯಾಗಿ ಸಾಯಲಿಲ್ಲ. ವೆಲ್ಡಾ ಟ್ರಿಗರ್ ಎಳೆದಳು. ಗುಂಡಿಲ್ಲದ ತೋಟಾ ಢಮ್ಮೆಂದು ಸಿಡಿದು ಹೊಗೆಯಾಡಿತು. ಮೂವತ್ತು ಹೆಜ್ಜೆ ಆಚೆ ನಿಂತಿದ್ದ ಗ್ರೋವರ್ ಮೊದಲು ಮಂಡಿಯೂರಿದ, ತಲೆಯ ಮೇಲಿನ ಟೋಪಿ ತೆಗೆದು ಪಕ್ಕದ ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟ, ಆಮೇಲೆ ನಿದ್ದೆ ಬಂದವನ ಹಾಗೆ ಎಡಮಗ್ಗುಲಿಗೆ ಒರಗಿದ. ನಿರ್ದೇಶಕ ತಲೆ ಚಚ್ಚಿಕೊಂಡು ಕ್ಯಾಮೆರಾ ನಿಲ್ಲಿಸಲು ಹೇಳಿದ.

ಸಿನಿಮಾದ ಕಥೆ ಸರಳವಾಗಿತ್ತು. ಕಾನೂನು ಇನ್ನೂ ಕಾಲಿಡದ ಗಡಿನಾಡು. ಗಂಡನನ್ನು ಕೊಂದವನ ಬೆನ್ನುಹತ್ತಿ ಬಂದ ಹೆಂಗಸೊಬ್ಬಳು ತಾನೇ ನ್ಯಾಯ ತೀರಿಸುತ್ತಾಳೆ. ನಾಯಕಿಗೆ ಬಂದೂಕಿನ ಸದ್ದಿಗೆ ಕಣ್ಣು ಮುಚ್ಚಿಹೋಗುತ್ತಿದ್ದುದರಿಂದ, ಬೆನ್ನ ಹಿಂದಿನಿಂದ ತೆಗೆಯುವ ದೃಶ್ಯಗಳಿಗೆ ಅವಳ ಕಪ್ಪು ಉಡುಪನ್ನು ಊರಿನ ವೆಲ್ಡಾಗೆ ತೊಡಿಸಿದ್ದರು. ಕೊಲೆಗಾರನ ಬದಲಿಗೆ ಬೀಳಲು ಗ್ರೋವರ್‌ನನ್ನು ಆರಿಸಿದ್ದರು, ಮೈಕಟ್ಟು ಹೊಂದುತ್ತದೆ ಎಂದು. ಕ್ಯಾಲಿಫೋರ್ನಿಯಾದಿಂದ ಬಂದ ಆ ಜನಕ್ಕೆ ಏನೂ ಗೊತ್ತಿರಲಿಲ್ಲ. ವಯೋಮಿಂಗ್‌ನ ಆ ಕಣಿವೆಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ, ಆದರೆ ಯಾರೂ ಬಾಯಿ ಬಿಡಲಿಲ್ಲ. ವೆಲ್ಡಾ ಒಲ್ಲೆ ಅನ್ನಬಹುದಿತ್ತು. ಗ್ರೋವರ್ ಕೂಡ. ಇಬ್ಬರೂ ಅನ್ನಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಇಂಥದೇ ಒಂದು ಜೂನ್ ಸಂಜೆ, ಇದೇ ಕಾಲುವೆಯ ಮೇಲಿನ ತೂಬಿನ ಬಳಿ, ಅವಳ ಗಂಡ ಆರ್ಲೊ ಗ್ರೋವರನ ಗುಂಡಿಗೆ ಸತ್ತಿದ್ದ. ಆ ವರ್ಷ ನೀರು ಕಡಿಮೆ. ಸರದಿಯ ವಿಷಯಕ್ಕೆ ಅಕ್ಕಪಕ್ಕದ ಹೊಲದ ಇಬ್ಬರಿಗೂ ಮಾತು ಬೆಳೆದಿತ್ತು. ಕೋರ್ಟಿನಲ್ಲಿ ಗ್ರೋವರ್ ಬೈಬಲ್ ಮುಟ್ಟಿ ಹೇಳಿದ್ದ: ಮಬ್ಬುಗತ್ತಲಾಗಿತ್ತು, ಕುರಿಮರಿಗಳಿಗೆ ಕಯೋಟಿ ತೋಳಗಳ ಕಾಟವಿತ್ತು, ಪೊದೆ ಅಲ್ಲಾಡಿತು, ಹೊಡೆದೆ, ತೋಳ ಓಡಿಹೋಯಿತೆಂದು ಮನೆಗೆ ನಡೆದೆ, ಅಲ್ಲಿದ್ದದ್ದು ಆರ್ಲೊ ಎಂದು ತಿಳಿದದ್ದು ಮರುದಿನ ಬೆಳಿಗ್ಗೆ. ಕುರಿ ಸಾಕುವ ಹನ್ನೆರಡು ಮಂದಿ ಜೂರಿಗಳು ಅರ್ಧ ಗಂಟೆಯಲ್ಲಿ ಎದ್ದು ಬಂದು, ಆಕಸ್ಮಿಕ ಎಂದರು. ಪೊದೆ ಅಲ್ಲಾಡಿದ್ದಕ್ಕೆ ಗುಂಡು ಹಾರಿಸದವರು ಅವರಲ್ಲಿ ಯಾರಿದ್ದರು? ಶೆರೀಫ್ ಅವಳಿಗೆ ಆರ್ಲೊನ ಟೋಪಿ ತಂದುಕೊಟ್ಟಿದ್ದ. ಮೈಯೆಲ್ಲ ಕೆಸರಾಗಿ ಬಿದ್ದಿದ್ದವನ ಟೋಪಿಗೆ ಒಂದು ಚೂರೂ ಕೆಸರು ತಾಗಿರಲಿಲ್ಲ.

ವೆಲ್ಡಾಗೆ ಬೇಕಾಗಿದ್ದುದು ಗಲ್ಲಲ್ಲ. ಅವನು ನೋಡಿ ಹೊಡೆದನೋ, ನೋಡದೆ ಹೊಡೆದನೋ, ಅದೊಂದು ತಿಳಿದಿದ್ದರೆ ಸಾಕಾಗಿತ್ತು. ಬ್ರೆಡ್ಡಿನ ಹಿಟ್ಟು ನಾದುವಾಗ, ಬಟ್ಟೆ ಒಣಹಾಕುವಾಗ, ಆ ಪ್ರಶ್ನೆ ಅವಳ ಬೆರಳುಗಳಲ್ಲೇ ಇರುತ್ತಿತ್ತು. ಕಣಿವೆಯ ರಸ್ತೆಯಲ್ಲಿ ಎದುರಿಗೆ ಯಾರ ಗಾಡಿ ಬಂದರೂ ಸ್ಟೀರಿಂಗ್ ಮೇಲಿನ ತೋರುಬೆರಳೊಂದನ್ನು ಎತ್ತುವುದು ಅಲ್ಲಿನವರ ನಮಸ್ಕಾರ. ಹನ್ನೊಂದು ವರ್ಷವೂ ಗ್ರೋವರ್ ಅವಳನ್ನು ಕಂಡಾಗಲೆಲ್ಲ ಬೆರಳೆತ್ತಿದ್ದ. ಅವಳು ಒಮ್ಮೆಯೂ ಎತ್ತಿರಲಿಲ್ಲ.

ಈಗ ಕಾಲುವೆ ದಂಡೆಯ ಕಾಟನ್‌ವುಡ್ ಮರಗಳಿಂದ ಹತ್ತಿ ಬಿಡಿಬಿಡಿಯಾಗಿ ತೇಲಿ ಬರುತ್ತಿತ್ತು, ನೆಲಕ್ಕೆ ಇಳಿಯುವ ಮನಸ್ಸೇ ಇಲ್ಲದ ಹಾಗೆ. ಇಳಿಬಿಸಿಲು ಅದರೊಳಗೆ ಸಿಕ್ಕಿಕೊಂಡು ಎಲ್ಲವೂ ನೀರಿನಡಿ ಕಂಡಂತೆ ಕಾಣುತ್ತಿತ್ತು. ಉಡುಪಿನಲ್ಲಿ ಬೇರೆ ಯಾರದೋ ಸೆಂಟಿನ ವಾಸನೆ. ತಾನು ಯಾವ ಕಾಲದ ವಿಧವೆ ಎಂಬುದೇ ಅವಳಿಗೆ ಆಗಾಗ ಮರೆಯುತ್ತಿತ್ತು. ಮೊದಲ ಸಲ ಟ್ರಿಗರ್ ಎಳೆದಾಗ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಎರಡನೆಯ ಸಲ ಗ್ರೋವರ್ ಎದ್ದು ಹುಲ್ಲು ಕೊಡವಿಕೊಂಡಾಗ, ಸತ್ತವರು ಎದ್ದು ಬರುವುದು ಇಷ್ಟು ಸುಲಭವೇ ಅನ್ನಿಸಿತು.

"ಏನಪ್ಪಾ ಗ್ರೋವರ್, ಗುಂಡು ಬಿದ್ದಿರೋದು ನಿಂಗೆ. ಚರ್ಚಿಗೆ ಬಂದೋನ ಹಾಗೆ ಟೋಪಿ ತೆಗೆದಿಡ್ತೀಯಲ್ಲ," ಎಂದ ನಿರ್ದೇಶಕ. ಸುತ್ತಲಿನವರು ನಕ್ಕರು. "ಹಿಂದಕ್ಕೆ ಎಗರಿ ಬೀಳ್ಬೇಕು. ಹೀಗೆ ಯಾರಾದ್ರೂ ಸಾಯ್ತಾರಾ?"

"ಸಾಯ್ತಾರೆ ಸಾರ್." ಗ್ರೋವರ್ ನೆಲ ನೋಡುತ್ತಲೇ ಹೇಳಿದ. "ಮೊದ್ಲು ಮಂಡಿ. ಆಮೇಲೆ ಟೋಪಿ. ಕೆಸರಾಗ್ಬಾರ್ದು ಅಂತ ಹುಲ್ಲಿನ ಮೇಲೆ ಇಡ್ತಾರೆ. ಹೊಸಾ ಟೋಪಿ ಅದು."

"ಯಾರ ಟೋಪಿನಪ್ಪಾ?"

ಗ್ರೋವರ್ ತಲೆಯೆತ್ತಿ ವೆಲ್ಡಾಳನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಡುವೆ ಗಾಡಿಯ ಗಾಜಿಲ್ಲದೆ. ನೋಡುತ್ತಲೇ ಇದ್ದ, ಕಣ್ಣು ತಪ್ಪಿಸಲಿಲ್ಲ. ಆ ಟೋಪಿಯನ್ನು ಆರ್ಲೊನ ಹುಟ್ಟುಹಬ್ಬಕ್ಕೆ ಅವಳೇ ಕೊಡಿಸಿದ್ದಳು. ಅದನ್ನು ಹುಲ್ಲಿನ ಮೇಲಿಟ್ಟದ್ದನ್ನು ಕಂಡವನು, ಕೋರ್ಟಿನಲ್ಲಿ ಹೇಳಿದಂತೆ, ತೋಳ ಓಡಿತೆಂದು ಮನೆಗೆ ನಡೆದಿರಲಿಲ್ಲ.

ಬೆಳಕು ಹೋಗುತ್ತಿದೆ, ಈ ಸಲವಾದರೂ ನೆಟ್ಟಗೆ ಬೀಳು ಎಂದು ನಿರ್ದೇಶಕ ಗೊಣಗುತ್ತಿದ್ದ.

"ಹಾಗೇ ಬೀಳ್ಲಿ ಬಿಡಿ," ಎಂದಳು ವೆಲ್ಡಾ. ತನ್ನ ದನಿ ಎಷ್ಟು ಮೆತ್ತಗಿದೆ ಎಂದು ಅವಳಿಗೇ ಆಶ್ಚರ್ಯವಾಯಿತು. "ನಂಗೆ ಇನ್ನೊಂದ್ಸಲ ನೋಡ್ಬೇಕು."

ಕ್ಯಾಮೆರಾ ಓಡಿತು. ಅವಳು ಬಂದೂಕನ್ನು ಭುಜಕ್ಕೆ ಏರಿಸಿದಳು, ಟ್ರಿಗರ್ ಎಳೆಯಲಿಲ್ಲ. ಆದರೂ ಅವನು ಬಿದ್ದ. ಮಂಡಿಯೂರಿದ, ಟೋಪಿ ತೆಗೆದ, ಹುಲ್ಲನ್ನು ಒಮ್ಮೆ ಅಂಗೈಯಿಂದ ಸವರಿ ಅದರ ಮೇಲಿಟ್ಟ. ಅವನು ಒರಗುವಾಗ ಅವಳ ಕಣ್ಣಿಗೆ ಗ್ರೋವರ್ ಕಾಣಲಿಲ್ಲ. ತಾನು ಹತ್ತಿರ ಇರಲಾಗದೆ ಹೋದ ಆ ಸಂಜೆಯನ್ನು ಅವಳು ಕೊನೆಯವರೆಗೂ, ರೆಪ್ಪೆ ಬಡಿಯದೆ ನೋಡಿದಳು. ಸದ್ದನ್ನು ಆಮೇಲೆ ಸೇರಿಸಿಕೊಂಡರಾಯಿತು, ಇದೇ ಇರಲಿ ಎಂದ ನಿರ್ದೇಶಕ.

ಮರುದಿನ ಬೆಳಿಗ್ಗೆ ಅವಳು ಊರಿನ ಕಡೆ ಹೊರಟಿದ್ದಳು. ಪಕ್ಕದ ಸೀಟಿನಲ್ಲಿ ಆರ್ಲೊನ ಟೋಪಿ ಇತ್ತು. ತಿರುವಿನಲ್ಲಿ ಗ್ರೋವರನ ಟ್ರಕ್ ಎದುರಾಯಿತು. ಈ ಸಲ ಅವನು ಬೆರಳೆತ್ತಲಿಲ್ಲ. ಎರಡೂ ಕೈಗಳಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಬೇಡಿ ಹಾಕಿಸಿಕೊಂಡವನ ಹಾಗೆ ಕೂತಿದ್ದ. ವೆಲ್ಡಾಳ ತೋರುಬೆರಳು, ನಿನ್ನೆ ಕೊನೆಯ ಸಲ ಟ್ರಿಗರ್ ಎಳೆಯದೆ ಉಳಿದ ಬೆರಳು, ಸ್ಟೀರಿಂಗ್ ಮೇಲಿಂದ ತಾನಾಗಿ ಮೇಲೆದ್ದಿತು.